ಸಿಪಾಯಿಯ ಕಡತ ಹೆಂಡತಿಯ ಹೆಸರಿನಲ್ಲಿರುತ್ತದೆ

ನಾನು ಮೂವತ್ತೊಂದು ವರ್ಷ ಹಾಸನ ಜಿಲ್ಲೆಯ ತಾಲ್ಲೂಕು ಕಚೇರಿಗಳಲ್ಲಿ ಕೆಲಸ ಮಾಡಿದವನು. ಅದರಲ್ಲಿ ಹನ್ನೆರಡು ವರ್ಷ ರೆಕಾರ್ಡ್ ರೂಮಿನಲ್ಲೇ ಕಳೆಯಿತು. ನಿವೃತ್ತಿಯಾದ ಮೇಲೆ ವರ್ಷದಲ್ಲಿ ನಾಲ್ಕೈದು ತಿಂಗಳು ಮಗಳ ಮನೆಯಲ್ಲಿರುತ್ತೇನೆ. ಅವಳಿರುವುದು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ, ಹ್ಯಾರಿಸ್‌ಬರ್ಗ್ ಪಕ್ಕದ ಒಂದು ಸಣ್ಣ ಊರಿನಲ್ಲಿ. ಅಳಿಯ ಅಲ್ಲಿಯವರೇ. ಒಂದು ಸಂಜೆ ಮೊಮ್ಮಗ ಅಟ್ಟದ ಮೇಲಿಂದ ತಗಡಿನ ಪೆಟ್ಟಿಗೆಯೊಂದನ್ನು ಇಳಿಸಿಕೊಂಡು ಬಂದು ನನ್ನ ಮುಂದಿಟ್ಟ. "ತಾತ, ನಿಂಗೆ ಹಳೇ ಪೇಪರ್ ಓದೋಕೆ ಬರುತ್ತಂತೆ, ಅಮ್ಮ ಹೇಳಿದ್ಲು. ಇವರು ಯಾರು ಅಂತ ಹುಡುಕೋಣ್ವಾ?"

ಪೆಟ್ಟಿಗೆಯಲ್ಲಿ ಮೂರು ವಸ್ತುಗಳಿದ್ದವು. ದಪ್ಪ ಚರ್ಮದ ರಟ್ಟಿನ ಒಂದು ಬೈಬಲ್, ಅಂಗೈಯಗಲದ ಮುಚ್ಚಳದ ಡಬ್ಬಿಯೊಳಗೆ ಸಮವಸ್ತ್ರ ತೊಟ್ಟ ಯುವಕನ ಫೋಟೊ, ರಿಬ್ಬನ್ ಮಾಸಿದ ನಕ್ಷತ್ರದಾಕಾರದ ಕಂಚಿನ ಪದಕ. ಯುವಕ ನನ್ನ ಅಳಿಯನ ತಾತನ ತಾತ. 1861ರಿಂದ 1865ರವರೆಗೆ ಉತ್ತರದ ಮತ್ತು ದಕ್ಷಿಣದ ರಾಜ್ಯಗಳ ನಡುವೆ ನಡೆದ ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದವರ ಸೇನೆಯಲ್ಲಿದ್ದ ಎಂಬುದಷ್ಟೇ ಮನೆಯವರಿಗೆ ಗೊತ್ತಿತ್ತು. ಯಾವ ದಳ, ಎಲ್ಲಿ ಹೋರಾಡಿದ, ಯಾರನ್ನು ಮದುವೆಯಾದ, ಯಾವುದೂ ಗೊತ್ತಿರಲಿಲ್ಲ. ಮನೆತನದ ಹೆಸರು ಬರೆಯುವುದು ಬೇಡ ಎಂದು ಅಳಿಯ ಕೇಳಿಕೊಂಡಿದ್ದಾರೆ. ಹಾಗಾಗಿ ಇಲ್ಲಿ ಅವರನ್ನು ಮುತ್ತಾತ, ಮುತ್ತಜ್ಜಿ ಎಂದೇ ಕರೆಯುತ್ತೇನೆ.

ನಮ್ಮ ಹುಡುಗ ಹುಡುಗಿಯರು ಈಗ ಅಲ್ಲಿಯ ಮನೆತನಗಳಿಗೆ ಸೊಸೆಯಾಗಿ, ಅಳಿಯನಾಗಿ ಹೋಗಿದ್ದಾರೆ. ಆ ಮಕ್ಕಳಿಗೆ ಹಾಸನದ ಕಡೆ ಎಷ್ಟು ಹಿರಿಯರೋ ಪೆನ್ಸಿಲ್ವೇನಿಯಾದ ಕಡೆಯೂ ಅಷ್ಟೇ ಹಿರಿಯರು. ಅಜ್ಜ ಅಜ್ಜಿಯರಾದ ನಾವು ಹೋದಾಗ ಕೈಯಲ್ಲಿ ಹೊತ್ತಿರುತ್ತದೆ, ಹಳೆಯ ಕಾಗದ ನೋಡುವ ತಾಳ್ಮೆಯೂ ಇರುತ್ತದೆ. ನಾವು ಮಾಡಿದ ಕೆಲಸ ಬೇರೆಯವರಿಗೂ ಉಪಯೋಗಕ್ಕೆ ಬರಲಿ ಎಂದು, ಎಡವಿದ ಜಾಗವನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಮೊದಲು ಮನೆಯೊಳಗೆ

ಕಂಪ್ಯೂಟರ್ ಮುಂದೆ ಕೂರುವ ಮೊದಲು ಮನೆಯಲ್ಲಿರುವುದನ್ನು ನೋಡಿ. ಫೋಟೊ ಸಿಕ್ಕರೆ ಒರೆಸಲು ಹೋಗಬೇಡಿ, ಗಾಜು ಬಿಚ್ಚಬೇಡಿ. ಬಟ್ಟೆ ತಾಗಿದರೆ ಚಿತ್ರವೇ ಎದ್ದು ಬರುತ್ತದೆ. ಆ ಕಾಲದಲ್ಲಿ ಗಾಜಿನ ಮೇಲೂ ತೆಳ್ಳನೆಯ ಕಬ್ಬಿಣದ ತಗಡಿನ ಮೇಲೂ ಫೋಟೊ ತೆಗೆಯುತ್ತಿದ್ದರು. ಡಬ್ಬಿಯ ಹೊರಗಿನಿಂದಲೇ ಸಣ್ಣ ಅಯಸ್ಕಾಂತ ಹಿಡಿದು ನೋಡಿ. ಎಳೆದರೆ ತಗಡು, ಇಲ್ಲವಾದರೆ ಬಹುಮಟ್ಟಿಗೆ ಗಾಜು. ಎರಡರಲ್ಲೂ ಚಿತ್ರ ಸಾಮಾನ್ಯವಾಗಿ ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿರುತ್ತದೆ. ಸೊಂಟಪಟ್ಟಿಯ ಬಿಲ್ಲೆಯ ಅಕ್ಷರ ಓದಲು ಬಾರದಿದ್ದರೆ ಮೊಬೈಲಿನಲ್ಲಿ ಚಿತ್ರ ತೆಗೆದು ತಿರುಗಿಸಿ ನೋಡಿ. ನಮ್ಮದರಲ್ಲಿ ಟೋಪಿಯ ಮೇಲೆ ಒಂದು ಅಕ್ಷರ ಕಂಡಿತು, ಡಿ. ಅದು ಆತನ ಕಂಪನಿಯ, ಅಂದರೆ ದಳದೊಳಗಿನ ಸಣ್ಣ ತುಕಡಿಯ ಗುರುತು. ನಮಗೆ ಸಿಕ್ಕ ಮೊದಲ ಎಳೆ ಅದೇ.

ಒಂದು ಫೋಟೊದಿಂದ ಏನಾಗಬಹುದು ಎಂಬುದಕ್ಕೆ ನಮ್ಮ ಮನೆಯಿಂದ ಒಂದು ಗಂಟೆಯ ದಾರಿಯಲ್ಲೇ ದೊಡ್ಡ ಉದಾಹರಣೆಯಿದೆ. 1863ರ ಜುಲೈನಲ್ಲಿ ಗೆಟ್ಟಿಸ್‌ಬರ್ಗ್ ಯುದ್ಧ ಮುಗಿದ ಮೇಲೆ ಊರೊಳಗೆ ಒಬ್ಬ ಸಿಪಾಯಿಯ ಹೆಣ ಸಿಕ್ಕಿತು. ಹೆಸರು ತಿಳಿಯುವಂಥ ಚೀಟಿಯೊಂದೂ ಇರಲಿಲ್ಲ. ಅವನ ಬಳಿ ಇದ್ದದ್ದು ಮೂವರು ಮಕ್ಕಳ ಒಂದು ಗಾಜಿನ ಫೋಟೊ. ಆಗ ಪತ್ರಿಕೆಗಳಲ್ಲಿ ಫೋಟೊ ಅಚ್ಚಾಗುತ್ತಿರಲಿಲ್ಲ. ಫಿಲಡೆಲ್ಫಿಯಾದ ವೈದ್ಯರೊಬ್ಬರು ಚಿತ್ರದಲ್ಲಿರುವುದನ್ನು ಮಾತಿನಲ್ಲಿ ವಿವರಿಸಿ ಅಕ್ಟೋಬರ್‌ನಲ್ಲಿ ಪತ್ರಿಕೆಗೆ ಕೊಟ್ಟರು: ಎರಡು ಗಂಡು, ಒಂದು ಹೆಣ್ಣು, ಇಂಥಿಂಥ ವಯಸ್ಸು, ದೊಡ್ಡ ಹುಡುಗನ ಅಂಗಿಯೂ ಹುಡುಗಿಯ ಉಡುಪೂ ಒಂದೇ ಬಟ್ಟೆಯವು. ನ್ಯೂಯಾರ್ಕ್ ರಾಜ್ಯದ ಪೋರ್ಟ್‌ವಿಲ್ ಎಂಬ ಹಳ್ಳಿಯಲ್ಲಿ ಫಿಲಿಂಡಾ ಹ್ಯೂಮಿಸ್ಟನ್ ಎಂಬಾಕೆಗೆ ನವೆಂಬರ್‌ನಲ್ಲಿ ಆ ವಿವರ ತಲುಪಿತು. ಒಂದೇ ತಾನಿನ ಬಟ್ಟೆಯಲ್ಲಿ ಇಬ್ಬರು ಮಕ್ಕಳಿಗೆ ಹೊಲಿಸಿದ ಮನೆಯಲ್ಲಿ ಆ ಸಾಲು ಓದಿದಾಗ ಏನಾಗಿರಬೇಕು! ಸತ್ತವನು ಆಕೆಯ ಗಂಡ ಏಮಸ್ ಹ್ಯೂಮಿಸ್ಟನ್, 154ನೇ ನ್ಯೂಯಾರ್ಕ್ ಪದಾತಿ ದಳದ ಸಾರ್ಜೆಂಟ್. ಗೆಟ್ಟಿಸ್‌ಬರ್ಗ್‌ನ ರಾಷ್ಟ್ರೀಯ ಸ್ಮಶಾನದಲ್ಲಿ ಆತನ ಕಲ್ಲಿನ ಮೇಲೆ ಹೆಸರಿದೆ. ಅದೇ ಸ್ಮಶಾನದಲ್ಲಿ ಬರೀ ನಂಬರು ಕೆತ್ತಿದ, ಗುರುತಿಲ್ಲದ 979 ಗೋರಿಗಳಿವೆ. ಮೊಮ್ಮಗ ಆ ಪುಟ್ಟ ಕಲ್ಲುಗಳ ನಡುವೆ ಬಹಳ ಹೊತ್ತು ಓಡಾಡಿದ. ಮನೆಗೆ ಬಂದವನೇ ನಮ್ಮ ಫೋಟೊದ ಹಿಂದೆ ಹೆಸರು ಬರೆದ ಚೀಟಿ ಇಡಬೇಕು ಎಂದ. ನೀವೂ ಇಡಿ. ಪೆನ್ಸಿಲ್ಲಿನಲ್ಲಿ ಬರೆದು ಡಬ್ಬಿಯ ಹೊರಗೆ ಕಟ್ಟಿ, ಒಳಗೆ ಅಂಟಿಸಬೇಡಿ.

ಬೈಬಲ್ ಇದ್ದರೆ ಹಳೆಯ ಒಡಂಬಡಿಕೆ ಮುಗಿದು ಹೊಸದು ಶುರುವಾಗುವ ಜಾಗ ತೆರೆಯಿರಿ. ಆ ಕಾಲದ ದೊಡ್ಡ ಬೈಬಲ್‌ಗಳಲ್ಲಿ ಮದುವೆ, ಹುಟ್ಟು, ಸಾವು ಬರೆಯಲು ಅಲ್ಲಿ ಖಾಲಿ ಪುಟ ಬಿಡುತ್ತಿದ್ದರು. ನಮ್ಮದರಲ್ಲಿ ಹುಟ್ಟಿನ ಪುಟ ಖಾಲಿಯಾಗಿತ್ತು. ಮದುವೆಯ ಪುಟ ಇರಲೇ ಇಲ್ಲ. ಹೊಲಿಗೆಯ ಪಕ್ಕದಲ್ಲಿ ಬೆರಳಗಲದ ಅಂಚು ಮಾತ್ರ ಉಳಿದಿತ್ತು. ಇಲಿ ಕಡಿದದ್ದಲ್ಲ, ಯಾರೋ ಕತ್ತರಿಸಿದ್ದು. ಆಗ ಅದಕ್ಕೆ ಅಷ್ಟು ಬೆಲೆ ಕೊಡಲಿಲ್ಲ.

ಮನೆಯ ಹಿರಿಯರನ್ನು ಕೇಳುವಾಗ ಸಿಪಾಯಿಯ ಬಗ್ಗೆ ಮಾತ್ರ ಕೇಳಬೇಡಿ. ಆತನ ಹೆಂಡತಿಯ ಹೆಸರು, ಅವಳ ತವರು ಮನೆತನ, ಅವರಿದ್ದ ಕೌಂಟಿ, ಅಂದರೆ ನಮ್ಮ ಜಿಲ್ಲೆಯಂಥದ್ದು, ಮಕ್ಕಳ ಹೆಸರು, ಇಷ್ಟನ್ನೂ ಕೇಳಿ ಬರೆದುಕೊಳ್ಳಿ. ನಾನು ಮೊದಲು ಇದನ್ನು ಸರಿಯಾಗಿ ಕೇಳಲಿಲ್ಲ.

ದಳ ಗೊತ್ತಾದರೆ ಅರ್ಧ ಊರು ಗೊತ್ತಾದಂತೆ

ಅಲ್ಲಿಯ ರಾಷ್ಟ್ರೀಯ ಉದ್ಯಾನಗಳ ಇಲಾಖೆಯವರು ಎರಡೂ ಕಡೆಯ ಸಿಪಾಯಿಗಳ ಹೆಸರುಪಟ್ಟಿಯನ್ನು ಇಂಟರ್‌ನೆಟ್ಟಿನಲ್ಲಿ ಇಟ್ಟಿದ್ದಾರೆ. ಸುಮಾರು 63 ಲಕ್ಷ ನಮೂದುಗಳು. ಹಣ ಕೊಡಬೇಕಿಲ್ಲ. ಅಷ್ಟು ಜನ ಸೇನೆಯಲ್ಲಿದ್ದರು ಎಂದಲ್ಲ. ಒಬ್ಬನೇ ಎರಡು ದಳದಲ್ಲಿದ್ದರೆ, ಹೆಸರನ್ನು ಎರಡು ಥರ ಬರೆದಿದ್ದರೆ ಎರಡು ಸಲ ಬರುತ್ತಾನೆ. ಹೆಸರು, ದಳ, ಕಂಪನಿ, ಸೇರಿದಾಗಿನ ದರ್ಜೆ, ಬಿಟ್ಟಾಗಿನ ದರ್ಜೆ, ಅಷ್ಟೇ ಅಲ್ಲಿ ಸಿಗುವುದು. ಹೆಸರನ್ನು ಕಿವಿಗೆ ಕೇಳಿದ ಹಾಗೆ ನಾಲ್ಕೈದು ಥರ ಬರೆದು ಹುಡುಕಿ. ಅದರಲ್ಲೂ ಜರ್ಮನ್ ಮೂಲದ ಹೆಸರುಗಳನ್ನು ಗುಮಾಸ್ತರು ತಮಗೆ ಕೇಳಿಸಿದಂತೆ ಬರೆದುಕೊಂಡಿದ್ದಾರೆ. ನಮ್ಮ ಶಾನುಭೋಗರು ಒಂದೇ ಮನೆಯವರನ್ನು ಒಂದು ಪುಸ್ತಕದಲ್ಲಿ ತಿಮ್ಮೇಗೌಡ, ಇನ್ನೊಂದರಲ್ಲಿ ತಿಮ್ಮಪ್ಪಗೌಡ ಎಂದು ಬರೆದದ್ದನ್ನು ನೋಡಿದವನಿಗೆ ಇದು ಹೊಸದಲ್ಲ.

ಒಂದು ಪದಾತಿ ದಳ, ಅಂದರೆ ರೆಜಿಮೆಂಟ್, ಲೆಕ್ಕಕ್ಕೆ ಸುಮಾರು ಸಾವಿರ ಜನ, ಹತ್ತು ಕಂಪನಿ. ಒಂದು ಕಂಪನಿಗೆ ನೂರರ ಆಸುಪಾಸು, ಅವರಲ್ಲಿ ಹೆಚ್ಚಿನವರು ಒಂದೇ ಕೌಂಟಿಯ ಅಕ್ಕಪಕ್ಕದ ಊರಿನವರು. ಅಣ್ಣ ತಮ್ಮಂದಿರು, ಭಾವ ಮೈದುನರು, ಕಮ್ಮಾರ, ಶಾಲೆ ಮೇಷ್ಟ್ರು ಎಲ್ಲ ಒಂದೇ ಕಂಪನಿಯಲ್ಲಿ. ಆದ್ದರಿಂದ ಕಂಪನಿಯ ಪಟ್ಟಿ ಸಿಕ್ಕರೆ ನಿಮ್ಮ ಸಿಪಾಯಿಯ ಹೆಸರಿಗೆ ಗೀಟು ಹಾಕಿ ಎದ್ದು ಹೋಗಬೇಡಿ, ಪೂರ್ತಿ ಬರೆದುಕೊಳ್ಳಿ. ಪೆನ್ಸಿಲ್ವೇನಿಯಾದ ದಳಗಳ ಪಟ್ಟಿಗಳು 1869ರಿಂದ 1871ರ ನಡುವೆ ಐದು ಸಂಪುಟಗಳಲ್ಲಿ ಅಚ್ಚಾಗಿವೆ, ಲೈಬ್ರರಿಗಳಲ್ಲಿ ಸಿಗುತ್ತವೆ. ನಮ್ಮ ಮುತ್ತಾತ 1862ರ ಆಗಸ್ಟ್‌ನಲ್ಲಿ ಹ್ಯಾರಿಸ್‌ಬರ್ಗ್‌ನ ಕ್ಯಾಂಪ್ ಕರ್ಟಿನ್‌ನಲ್ಲಿ ಹೆಸರು ಬರೆಸಿದ ಎಂದು ಕೊನೆಗೆ ಗೊತ್ತಾಯಿತು. ಯುದ್ಧದ ವರ್ಷಗಳಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಸಿಪಾಯಿಗಳು ಹಾದುಹೋದ ಆ ಶಿಬಿರದ ಜಾಗ ಈಗ ಮನೆ ಅಂಗಡಿಗಳಿಂದ ತುಂಬಿದೆ.

ಇನ್ನು ನಮ್ಮ ತಪ್ಪು. ಇಂಟರ್‌ನೆಟ್ಟಿನ ಆ ಹೆಸರುಪಟ್ಟಿಯಲ್ಲಿ ಮುತ್ತಾತನ ಹೆಸರಿನವರು ಪೆನ್ಸಿಲ್ವೇನಿಯಾದಲ್ಲೇ ಹನ್ನೊಂದು ಜನ ಇದ್ದರು. ಡಿ ಕಂಪನಿ ಎಂದು ಹಿಡಿದುಕೊಂಡು ಇಬ್ಬರಿಗೆ ಇಳಿಸಿದೆವು. ಒಬ್ಬನ ದಳದಲ್ಲಿ ನಮ್ಮ ಕೌಂಟಿಯವರು ಹೆಚ್ಚಾಗಿದ್ದರು. ಅವನೇ ಇರಬೇಕು ಎಂದು ನಾನೇ ಹೇಳಿ ಕಡತದ ನಕಲಿಗೆ ದುಡ್ಡು ಕಟ್ಟಿಸಿದೆ. ತಿಂಗಳುಗಟ್ಟಲೆ ಕಾದ ಮೇಲೆ ಬಂದದ್ದು ಮದುವೆಯೇ ಆಗದೆ ಆಸ್ಪತ್ರೆಯಲ್ಲಿ ತೀರಿಕೊಂಡ ಹತ್ತೊಂಬತ್ತರ ಹುಡುಗನ ಕಡತ. ಪೆನ್ಷನ್ ಕೇಳಿದ್ದವಳು ಅವನ ತಾಯಿ. ನಮ್ಮವನಲ್ಲ. ಆ ತಾಯಿಯ ಅರ್ಜಿಯನ್ನು ಓದದೆ ಪಕ್ಕಕ್ಕಿಡಲು ಮಾತ್ರ ಮನಸ್ಸಾಗಲಿಲ್ಲ. ಮಗ ಸಂಬಳದಲ್ಲಿ ಎಷ್ಟೆಷ್ಟು ಮನೆಗೆ ಕಳಿಸುತ್ತಿದ್ದ ಎಂಬುದಕ್ಕೆ ಅವನ ಕಾಗದಗಳನ್ನೇ ಸಾಕ್ಷಿಯಾಗಿ ಕೊಟ್ಟಿದ್ದಳು. ಸಾಮಾನ್ಯ ಸಿಪಾಯಿಗೆ ತಿಂಗಳಿಗೆ 13 ಡಾಲರ್ ಸಂಬಳ. ಅದರಲ್ಲಿ ಹತ್ತು ಮನೆಗೆ. ಆ ಮೂಲ ಕಾಗದಗಳು ಅವಳಿಗೆ ಮರಳಿ ಹೋಗಲಿಲ್ಲ, ಕಡತದಲ್ಲೇ ಉಳಿದುಬಿಟ್ಟಿವೆ.

ದುಡ್ಡು ಕಟ್ಟುವ ಮೊದಲು ಹೆಂಡತಿಯ ಹೆಸರು ತಾಳೆಯಾಗಲೇಬೇಕು. ಹೆಸರು, ಊರು, ಕಂಪನಿ ಮೂರೂ ಹೊಂದಿದರೂ ಹೆಂಡತಿ ಹೊಂದದಿದ್ದರೆ ಅವನು ನಿಮ್ಮವನಲ್ಲ. ಇದನ್ನು ತಾಳೆ ನೋಡುವುದು ಹೇಗೆ ಎಂದರೆ ಪೆನ್ಷನ್ ಸೂಚಿಯ ಕಾರ್ಡಿನಿಂದ.

ಪೆನ್ಷನ್ ಕಾರ್ಡು ಓದುವುದು

ಅಂತರ್ಯುದ್ಧದ ಉತ್ತರದ ಸಿಪಾಯಿಗಳ ಪೆನ್ಷನ್ ಅರ್ಜಿಗಳಿಗೆ ಕಾರ್ಡಿನ ಸೂಚಿ ಇದೆ. ಫ್ಯಾಮಿಲಿಸರ್ಚ್ ಜಾಲತಾಣದಲ್ಲಿ ಅದನ್ನು ಪುಕ್ಕಟೆಯಾಗಿ ಹುಡುಕಬಹುದು. ಪ್ರತಿ ಕಾರ್ಡಿನಲ್ಲೂ ಮೇಲೆ ಸಿಪಾಯಿಯ ಹೆಸರು, ಅದರ ಕೆಳಗೆ ಅವಲಂಬಿತರ ಹೆಸರು, ಹೆಂಡತಿಯೋ ತಾಯಿಯೋ ಮಕ್ಕಳ ಪೋಷಕನೋ. ಆಮೇಲೆ ದಳ, ಕಂಪನಿ. ಅದರ ಕೆಳಗೆ ಸಾಲುಗಳು: ಇನ್‌ವ್ಯಾಲಿಡ್, ವಿಡೋ, ಮೈನರ್. ಇಲ್ಲಿ ಇನ್‌ವ್ಯಾಲಿಡ್ ಎಂದರೆ ಅಸಿಂಧು ಎಂದಲ್ಲ, ದೇಹಶಕ್ತಿ ಕುಂದಿದ ಸಿಪಾಯಿ ಎಂದರ್ಥ. ಆತನೇ ಹಾಕಿದ ಅರ್ಜಿ. ವಿಡೋ ಎಂದರೆ ವಿಧವೆಯ ಅರ್ಜಿ. ಪ್ರತಿ ಸಾಲಿನಲ್ಲೂ ಅರ್ಜಿಯ ತಾರೀಖು, ಅರ್ಜಿ ನಂಬರು, ಮಂಜೂರಾಗಿದ್ದರೆ ಸರ್ಟಿಫಿಕೇಟ್ ನಂಬರು, ಯಾವ ರಾಜ್ಯದಿಂದ ಹಾಕಿದ್ದು. ಸರ್ಟಿಫಿಕೇಟ್ ನಂಬರಿನ ಜಾಗ ಖಾಲಿ ಇದ್ದರೆ ಅರ್ಜಿ ಮಂಜೂರಾಗಲಿಲ್ಲ ಎಂದು ತಿಳಿಯಿರಿ. ಆದರೂ ಕಡತ ಇರುತ್ತದೆ. ತಿರಸ್ಕಾರವಾದ ಕಡತಗಳಲ್ಲೇ ಹೆಚ್ಚು ವಿಚಾರಣೆ ನಡೆದಿರುತ್ತದೆ, ಬಿಡಬೇಡಿ.

ಗಂಡ ಸತ್ತ ಮೇಲೆ ಹೆಂಡತಿಗೆ ಪೆನ್ಷನ್ ಆದರೆ ಗಂಡನ ಕಾಗದಗಳನ್ನೂ ಸಾಮಾನ್ಯವಾಗಿ ಅವಳ ಕಡತದೊಳಗೆ ಸೇರಿಸಿ ಕಟ್ಟುತ್ತಿದ್ದರು. ಆದ್ದರಿಂದ ತರಿಸುವಾಗ ಅವಳ ನಂಬರನ್ನೂ ಕೊಡಿ. ನಮ್ಮ ತಲೆಬರಹದ ಮಾತು ಅದೇ.

ಅರ್ಜಿಯ ತಾರೀಖನ್ನು ಕಾನೂನಿನ ಪಕ್ಕದಲ್ಲಿಟ್ಟು ನೋಡಿದರೆ ಆ ಮನೆಯ ಸ್ಥಿತಿ ಕಾಣುತ್ತದೆ. 1862ರ ಕಾನೂನಿನ ಪ್ರಕಾರ ಯುದ್ಧದಲ್ಲೇ ಆದ ಗಾಯ, ಕಾಯಿಲೆ ಎಂದು ರುಜುವಾತು ಕೊಡಬೇಕಿತ್ತು. ಸಾಮಾನ್ಯ ಸಿಪಾಯಿಯ ವಿಧವೆಗೆ ತಿಂಗಳಿಗೆ 8 ಡಾಲರ್. 1879ರಲ್ಲಿ ಬಾಕಿ ಕೊಡುವ ಕಾನೂನು ಬಂತು: 1880ರ ಜುಲೈ 1ರೊಳಗೆ ಅರ್ಜಿ ಹಾಕಿದವರಿಗೆ ಸೇನೆ ಬಿಟ್ಟ ದಿನದಿಂದ ಲೆಕ್ಕ ಹಾಕಿ ಬಾಕಿ. ನಮ್ಮ ಮುತ್ತಾತನ ಅರ್ಜಿ 1880ರ ಜೂನ್ ಕೊನೆಯ ವಾರದ್ದು. ಹದಿನೈದು ವರ್ಷ ಕೇಳದವನು ಗಡುವಿಗೆ ನಾಲ್ಕು ದಿನ ಇರುವಾಗ ಕೇಳಿದ್ದಾನೆ. 1890ರ ಕಾನೂನು ಬಂದ ಮೇಲೆ 90 ದಿನ ಸೇವೆ ಮಾಡಿ ಗೌರವದಿಂದ ಬಿಡುಗಡೆಯಾಗಿದ್ದು, ಕೂಲಿ ಮಾಡಿ ಬದುಕುವ ಶಕ್ತಿ ಕುಂದಿದ್ದರೆ ಸಾಕು, ಕಾಯಿಲೆ ಯುದ್ಧದ್ದೇ ಆಗಬೇಕಿರಲಿಲ್ಲ. 1907ರಿಂದ ವಯಸ್ಸೇ ಆಧಾರ. 62ಕ್ಕೆ 12 ಡಾಲರ್, 70ಕ್ಕೆ 15, 75ಕ್ಕೆ 20. ಈ ಪೆನ್ಷನ್‌ಗಳ ಕೊನೆಯ ಕಂತು ನಿಂತದ್ದು 2020ರ ಮೇ ತಿಂಗಳಲ್ಲಿ, ಐರೀನ್ ಟ್ರಿಪ್ಲೆಟ್ ತೀರಿಕೊಂಡಾಗ. ಆಕೆ ಹುಟ್ಟಿದ್ದು 1930ರಲ್ಲಿ, ಆಗ ತಂದೆಗೆ 83 ವರ್ಷ. ಸಿಪಾಯಿಯ ಮಗಳೆಂದು ತಿಂಗಳಿಗೆ 73 ಡಾಲರ್ 13 ಸೆಂಟ್ ಬರುತ್ತಿತ್ತು.

ಎರಡು ಕಡತ, ಎರಡು ಬೇರೆ ಮನುಷ್ಯ

ವಾಷಿಂಗ್ಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಒಬ್ಬ ಸಿಪಾಯಿಗೆ ಎರಡು ದಾಖಲೆ ಇರಬಹುದು. ಒಂದು ಸೇವಾ ದಾಖಲೆ, ಇನ್ನೊಂದು ಪೆನ್ಷನ್ ಕಡತ. ನಾವು ತರಿಸಿದಾಗ ಸೇವಾ ದಾಖಲೆಗೆ 30 ಡಾಲರ್, ಪೂರ್ತಿ ಪೆನ್ಷನ್ ಕಡತಕ್ಕೆ ಮೊದಲ ನೂರು ಪುಟದವರೆಗೆ 80 ಡಾಲರ್ ಇತ್ತು. ಕೈಗೆ ಹತ್ತಿರವಿದ್ದರೆ ಖುದ್ದಾಗಿ ಹೋಗಿ ನೋಡುವುದೇ ಮೇಲು. ನೋಡಲು ದುಡ್ಡಿಲ್ಲ, ಗುರುತಿನ ಕಾರ್ಡು ಮಾಡಿಸಿಕೊಳ್ಳಬೇಕು ಅಷ್ಟೇ.

ಸೇವಾ ದಾಖಲೆ ಎಂದರೆ ಹಾಜರಿ ಪುಸ್ತಕ. ಎರಡು ತಿಂಗಳಿಗೊಮ್ಮೆ ಹಾಜರಿ ಪಟ್ಟಿ. ಒಂದೊಂದು ಪಟ್ಟಿಗೆ ಒಂದೊಂದು ಕಾರ್ಡು. ಈ ಕಾರ್ಡುಗಳು ಯುದ್ಧದ ಕಾಲದವಲ್ಲ. ಪೆನ್ಷನ್ ಅರ್ಜಿ ತಾಳೆ ನೋಡಲು ಮೂಲ ಪಟ್ಟಿಗಳನ್ನು ಮತ್ತೆ ಮತ್ತೆ ತಿರುವಿ ಅವು ಹರಿಯುತ್ತಿದ್ದವು. ಅದಕ್ಕೆ ಆಮೇಲೆ ಗುಮಾಸ್ತರು ಕೂತು ಒಂದೊಂದು ಹೆಸರಿಗೂ ನಕಲು ಮಾಡಿದ್ದು. ಕೈತಪ್ಪುಗಳು ಅಲ್ಲಿ ಸೇರಿಕೊಂಡಿರಬಹುದು. ವಯಸ್ಸು, ಎತ್ತರ, ಕಣ್ಣು ಕೂದಲಿನ ಬಣ್ಣ, ಹುಟ್ಟಿದ ಊರು, ಕಸುಬು ಸಿಗುತ್ತವೆ. ನಮ್ಮಾತ ಐದಡಿ ಆರಂಗುಲ, ಬೂದುಗಣ್ಣು, ಕಸುಬು ಕಮ್ಮಾರಿಕೆ. ಹಾಜರಿಯಲ್ಲಿ ಎರಡು ಕಡೆ "ಗೈರು, ಆಸ್ಪತ್ರೆಯಲ್ಲಿ" ಎಂದಿತ್ತು. ಒಮ್ಮೆ ಕಳೆದುಹೋದ ನೀರಿನ ಬುರುಡೆಗೆ ಸಂಬಳದಲ್ಲಿ ಮುರಿದುಕೊಂಡಿದ್ದಾರೆ. ಮನುಷ್ಯ ಹೇಗಿದ್ದ ಎಂದು ಇದರಿಂದ ತಿಳಿಯುವುದಿಲ್ಲ.

ಪೆನ್ಷನ್ ಕಡತ ನೋಡಲು ಮಗಳು, ಅಳಿಯ, ಮೊಮ್ಮಗ, ನಾನು ಬೆಳಿಗ್ಗೆ ಐದಕ್ಕೇ ಹೊರಟೆವು. ಹದಿನಾಲ್ಕು ತುಂಬದವರಿಗೆ ಅಲ್ಲಿ ಸಂಶೋಧಕರ ಕಾರ್ಡು ಕೊಡುವುದಿಲ್ಲ. ನಮ್ಮವನಿಗೆ ತುಂಬಿ ಮೂರು ವಾರವಾಗಿತ್ತು. ಚೀಲ, ಪೆನ್ನು ಹೊರಗೆ ಬಿಡಬೇಕು. ಪೆನ್ಸಿಲ್ಲು ಒಯ್ಯಬಹುದು, ಫ್ಲ್ಯಾಶ್ ಇಲ್ಲದೆ ಫೋಟೊ ತೆಗೆಯಬಹುದು. ಕಡತ ಬಂತು. ಮೂರು ಮಡಿಕೆಯಾಗಿ ಶತಮಾನ ಕಳೆದ ಕಾಗದಗಳು. ಬಿಚ್ಚಿದರೂ ಮಡಿಕೆಯ ಕಡೆಗೇ ವಾಲುತ್ತಿದ್ದವು. ಆ ಕಾಗದದ ವಾಸನೆ ನನಗೆ ಹೊಸದಲ್ಲ. ಮೇಲಿನಿಂದ ಓದಬೇಡಿ, ತಾರೀಖಿನ ಪ್ರಕಾರ ಓದಿ. ಆದರೆ ಕಾಗದಗಳ ಕ್ರಮ ಮಾತ್ರ ಬದಲಿಸಬೇಡಿ. ಮೊದಲು ಪ್ರತಿ ಹಾಳೆಯ ಎರಡೂ ಬದಿ ಫೋಟೊ ತೆಗೆದುಕೊಂಡು ಆಮೇಲೆ ನಿಮ್ಮ ಫೋಟೊಗಳನ್ನು ಹೊಂದಿಸಿಕೊಳ್ಳಿ. ಹಿಂಬದಿಯ ಸ್ವೀಕೃತಿ ಮೊಹರು, ಪೆನ್ಸಿಲ್ಲಿನ ಶರಾ ಬಹಳ ಮುಖ್ಯ. ಓದುವಾಗ ಒಂದು ಗಮನವಿರಲಿ: ಎರಡು ಎಸ್ ಜೊತೆಯಾಗಿ ಬಂದರೆ ಮೊದಲನೆಯದನ್ನು ಎಫ್ ಎಂದು ಕಾಣುವ ಹಾಗೆ ಉದ್ದಕ್ಕೆ ಎಳೆದಿರುತ್ತಾರೆ.

ವೈದ್ಯರ ಸರ್ಟಿಫಿಕೇಟಿನಲ್ಲಿ ಮನುಷ್ಯಾಕೃತಿಯ ಮುಂದೆ ಹಿಂದೆ ಎರಡು ರೇಖಾಚಿತ್ರ ಅಚ್ಚಾಗಿರುತ್ತದೆ, ನೋವಿರುವ ಜಾಗ ಗುರುತು ಮಾಡಲು. ನಮ್ಮಾತನದರಲ್ಲಿ ಎಡಗಡೆಯ ಮಂಡಿಗೂ ಸೊಂಟಕ್ಕೂ ಶಾಯಿಯ ಗುರುತು. ಕೀಲುವಾತ, ಬಿಡದ ಅತಿಸಾರ. ಇದನ್ನು ಓದಿ ಬೇಸರಪಡಬೇಡಿ. ಆ ಯುದ್ಧದಲ್ಲಿ ಗುಂಡಿಗಿಂತ ಕಾಯಿಲೆಗೆ ಸತ್ತವರೇ ಹೆಚ್ಚು, ಬದುಕಿ ಬಂದವರು ಮೂವತ್ತು ನಲವತ್ತು ವರ್ಷ ಅದೇ ಕಾಯಿಲೆ ಹೊತ್ತು ಬದುಕಿದರು. ಕಮ್ಮಾರನಿಗೆ ಸೊಂಟ ಹೋದರೆ ಏನುಂಟು?

ಕಾಯಿಲೆ ಯುದ್ಧದಲ್ಲೇ ಬಂತು ಎಂದು ಹೇಳಲು ಜೊತೆಗಿದ್ದವರ ಪ್ರಮಾಣಪತ್ರ ಬೇಕಿತ್ತು. ಕೊಟ್ಟವರಲ್ಲಿ ಒಬ್ಬ ಅದೇ ಡಿ ಕಂಪನಿಯವನು. "ಮಳೆಯಲ್ಲಿ ಒಂದೇ ಕಂಬಳಿಯ ಕೆಳಗೆ ಮಲಗಿದ್ದೆವು, ಬೆಳಿಗ್ಗೆ ಅವನಿಗೆ ಏಳಲಾಗಲಿಲ್ಲ, ಬಂದೂಕನ್ನು ನಾನು ಹೊತ್ತೆ" ಎಂಬ ಅರ್ಥದ ನಾಲ್ಕು ಸಾಲು. ಕೊನೆಯಲ್ಲಿ ಸಂಬಂಧ ಏನು ಎಂದು ಕೇಳಿದ ಕಡೆ, ಅರ್ಜಿದಾರನ ಹೆಂಡತಿ ನನ್ನ ಅಕ್ಕ ಎಂದು ಬರೆದಿದೆ. ಮುತ್ತಜ್ಜಿಯ ತವರಿನ ಹೆಸರು ನಮಗೆ ಸಿಕ್ಕಿದ್ದು ಹೀಗೆ, ಅವಳ ತಮ್ಮನ ಸಹಿಯಿಂದ.

ಇನ್ನೊಂದು ಕಾಗದವನ್ನು ಕಡತದಲ್ಲಿ ತಪ್ಪದೆ ಹುಡುಕಿ. 1898ರಲ್ಲಿ ಪೆನ್ಷನ್ ಇಲಾಖೆ ಒಂದು ಪ್ರಶ್ನಾವಳಿ ಕಳಿಸಿತು, 1915ರಲ್ಲಿ ಇನ್ನೊಂದು. ಹೆಂಡತಿಯ ಪೂರ್ತಿ ಹೆಸರು, ತವರಿನ ಹೆಸರು, ಯಾವಾಗ ಎಲ್ಲಿ ಯಾರು ಮದುವೆ ಮಾಡಿಸಿದರು, ಅದಕ್ಕೆ ಏನು ದಾಖಲೆ ಇದೆ, ಮೊದಲು ಮದುವೆಯಾಗಿತ್ತೇ, ಬದುಕಿರುವ ಮಕ್ಕಳ ಹೆಸರು, ಹುಟ್ಟಿದ ದಿನ. ನಮ್ಮಲ್ಲಿ ಪೌತಿ ಖಾತೆಗೆ ಕೊಡುವ ವಂಶವೃಕ್ಷದ ಹಾಗೆಯೇ. ಅದೂ ಮನೆಯ ಯಜಮಾನನ ಸ್ವಂತ ಕೈಬರಹದಲ್ಲಿ. ಮುತ್ತಾತ ಏಳು ಮಕ್ಕಳ ಹೆಸರು ಬರೆದಿದ್ದಾನೆ. ಅಳಿಯನ ಮನೆಯವರು ಐವರು ಎಂದುಕೊಂಡಿದ್ದರು. ದಾಖಲೆ ಏನಿದೆ ಎಂಬ ಪ್ರಶ್ನೆಯ ಮುಂದೆ ಒಂದೇ ಮಾತು: ಮನೆಯ ಬೈಬಲ್.

ಆತ 1909ರಲ್ಲಿ ತೀರಿಕೊಂಡ. ಹಿಂದಿನ ವರ್ಷವಷ್ಟೇ ವಿಧವೆಯರ ಪೆನ್ಷನ್ 12 ಡಾಲರಿಗೆ ಏರಿತ್ತು. ಮುತ್ತಜ್ಜಿ ಅರ್ಜಿ ಹಾಕಿದಳು. ಮದುವೆಗೆ ರುಜುವಾತು ಕೊಡಿ ಎಂದು ಇಲಾಖೆ ಬರೆಯಿತು. ಪೆನ್ಸಿಲ್ವೇನಿಯಾದ ಕೌಂಟಿಗಳಲ್ಲಿ ಮದುವೆಯ ಲೈಸೆನ್ಸ್ ಕೊಡಲು ಶುರು ಮಾಡಿದ್ದೇ 1885ರ ಅಕ್ಟೋಬರ್‌ನಿಂದ; ಇವರ ಮದುವೆ 1866ರದ್ದು. ಮಾಡಿಸಿದ ಪಾದ್ರಿ ತೀರಿಕೊಂಡಿದ್ದ. ಕಡತದಲ್ಲಿ ಮುಂದಿನ ಹಾಳೆ ತಿರುಗಿಸಿದಾಗ ದಪ್ಪ ಕಾಗದದ ಒಂದು ಪುಟ, ಸುತ್ತ ದ್ರಾಕ್ಷಿ ಬಳ್ಳಿಯ ಅಚ್ಚು, ಮೇಲೆ ಮದುವೆಗಳು ಎಂಬ ತಲೆಬರಹ. ಅದರ ಹಿಂದೆ ನೋಟರಿಯ ಟಿಪ್ಪಣಿ: ಈ ಪುಟವನ್ನು ನನ್ನ ಎದುರಿನಲ್ಲೇ ಬೈಬಲಿನಿಂದ ಕತ್ತರಿಸಲಾಯಿತು, ಬೈಬಲ್ ಅಚ್ಚಾದ ವರ್ಷ ಇಂಥದ್ದು, ಬರಹ ಹಳೆಯದಾಗಿ ಕಾಣುತ್ತದೆ. ಅಳಿಯ ಕುರ್ಚಿಯಿಂದ ಎದ್ದು ನಿಂತರು. ಮಗಳು ನನ್ನ ಕೈ ಹಿಡಿದುಕೊಂಡು "ಅಪ್ಪಾ, ನಮ್ಮನೇದು" ಎಂದಳು. ಅಳತೆಗೆ ಪಕ್ಕದಲ್ಲಿ ಸ್ಕೇಲು ಕಾಣುವಂತೆ ಫೋಟೊ ತೆಗೆದುಕೊಂಡೆವು. ಮನೆಗೆ ಬಂದ ಮೇಲೆ ಅದೇ ಅಳತೆಗೆ ಮುದ್ರಿಸಿ ಮೊಮ್ಮಗ ಬೈಬಲಿನಲ್ಲಿ ಉಳಿದಿದ್ದ ಅಂಚಿಗೆ ಹಿಡಿದ. ಮೇಲಿಂದ ಮೂರನೇ ಅಂಗುಲದಲ್ಲಿ ಕತ್ತರಿ ಜಾರಿ ಸೊಟ್ಟಗೆ ಹೋಗಿದೆ, ಅಲ್ಲಿಯೂ ಕೂಡಿತು.

ಉಳಿದ ದಾಖಲೆಗಳು

ಜನಗಣತಿಯನ್ನು ಬೇಗ ಮುಗಿಸಬಹುದು. 1850ರಿಂದ ಮನೆಯಲ್ಲಿರುವ ಎಲ್ಲ ಸ್ವತಂತ್ರರ ಹೆಸರಿದೆ. 1880ರಿಂದ ಯಜಮಾನನಿಗೆ ಏನಾಗಬೇಕು ಎಂಬುದೂ ಇದೆ. 1900ರಲ್ಲಿ ತಾಯಿಗೆ ಹುಟ್ಟಿದ ಮಕ್ಕಳೆಷ್ಟು, ಬದುಕಿರುವವರೆಷ್ಟು ಎಂದು ಕೇಳಿದ್ದಾರೆ. ಮುತ್ತಜ್ಜಿಯ ಮುಂದೆ ಒಂಬತ್ತು, ಏಳು ಎಂದಿದೆ. 1890ರ ಗಣತಿ ಬಹುಪಾಲು 1921ರ ಬೆಂಕಿಯಿಂದಾಗಿ ಕೈತಪ್ಪಿದೆ. ಆದರೆ ಆ ವರ್ಷ ಮಾಜಿ ಸಿಪಾಯಿಗಳು, ಅವರ ವಿಧವೆಯರ ಪ್ರತ್ಯೇಕ ಪಟ್ಟಿ ಮಾಡಿದ್ದರು. ಕೆಂಟಕಿಯಿಂದ ಮುಂದಿನ ಅಕ್ಷರದ ರಾಜ್ಯಗಳದ್ದು ಹೆಚ್ಚುಕಡಿಮೆ ಉಳಿದಿದೆ, ಪೆನ್ಸಿಲ್ವೇನಿಯಾ ಅದರಲ್ಲಿ ಸೇರಿದೆ. 1910ರ ಗಣತಿಯಲ್ಲಿ ಕೊನೆಯ ಕಡೆಯ ಒಂದು ಕಾಲಂನಲ್ಲಿ ಯುಎ ಎಂದಿದ್ದರೆ ಉತ್ತರದ ಸೇನೆ, ಸಿಎ ಎಂದಿದ್ದರೆ ದಕ್ಷಿಣದ್ದು.

ನಿಮ್ಮ ಮನೆಯ ಸಿಪಾಯಿ ದಕ್ಷಿಣದ ಕಾನ್‌ಫೆಡರೇಟ್ ಸೇನೆಯವನಾದರೆ ವಾಷಿಂಗ್ಟನ್ನಿನಲ್ಲಿ ಪೆನ್ಷನ್ ಕಡತ ಹುಡುಕಬೇಡಿ. ಅವರಿಗೆ ಪೆನ್ಷನ್ ಕೊಟ್ಟದ್ದು ಆಯಾ ರಾಜ್ಯಗಳು. ಆತ ಯಾವ ರಾಜ್ಯದ ದಳದಲ್ಲಿದ್ದ ಎಂಬುದಲ್ಲ, ಮುದುಕನಾದಾಗ ಎಲ್ಲಿ ವಾಸವಿದ್ದ ಎಂಬುದು ಲೆಕ್ಕ. ವರ್ಜೀನಿಯಾದಲ್ಲಿ ಹೋರಾಡಿ ಟೆಕ್ಸಸ್‌ಗೆ ಹೋಗಿ ನೆಲೆಸಿದವನ ಕಡತ ಟೆಕ್ಸಸ್‌ನಲ್ಲಿ.

ಕಪ್ಪು ಜನಾಂಗದ ಸಿಪಾಯಿಗಳ ಕಡತ ಓದುವ ಭಾಗ್ಯ ಸಿಕ್ಕರೆ ನಿಧಾನವಾಗಿ ಓದಿ. ಉತ್ತರದ ಸೇನೆಯಲ್ಲಿ ಸುಮಾರು 1,79,000 ಕಪ್ಪು ಸಿಪಾಯಿಗಳಿದ್ದರು. ಗುಲಾಮಗಿರಿಯಲ್ಲಿ ಅವರ ಮದುವೆಗೆ ಕಾನೂನಿನ ಮಾನ್ಯತೆಯೇ ಇರಲಿಲ್ಲ, ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ. ವಿಧವೆ ಅರ್ಜಿ ಹಾಕಿದಾಗ ಅಕ್ಕಪಕ್ಕದವರು, ಸೂಲಗಿತ್ತಿಯರು ಬಂದು ಬಾಯಿಮಾತಿನ ಸಾಕ್ಷಿ ಹೇಳಬೇಕಾಯಿತು: ಯಾರ ತೋಟದಲ್ಲಿ ದುಡಿಯುತ್ತಿದ್ದರು, ಯಾರನ್ನು ಎಲ್ಲಿಗೆ ಮಾರಿದರು, ಯಾವ ಮಗು ಯಾವ ಬೆಳೆಯ ಕಾಲಕ್ಕೆ ಹುಟ್ಟಿತು. 1870ಕ್ಕಿಂತ ಹಿಂದಿನ ಗಣತಿಯಲ್ಲಿ ಗುಲಾಮರ ಹೆಸರನ್ನು ಬರೆಯುತ್ತಲೇ ಇರಲಿಲ್ಲವಾದ್ದರಿಂದ, ಎಷ್ಟೋ ಮನೆತನಗಳಿಗೆ ತಮ್ಮ ಹಿರಿಯರ ಹೆಸರು ಸಿಗುವ ಜಾಗ ಈ ಕಡತ ಒಂದೇ. ಬಿಡುಗಡೆಯಾದ ಮೇಲೆ ಹಲವರು ಹೆಸರು ಬದಲಿಸಿಕೊಂಡರು. ಕಾರ್ಡಿನಲ್ಲಿ ಎರಡು ಹೆಸರಿದ್ದರೆ ಎರಡನ್ನೂ ಹುಡುಕಿ.

ಪೆಟ್ಟಿಗೆಯಲ್ಲಿದ್ದ ಕಂಚಿನ ನಕ್ಷತ್ರ ಗ್ರ್ಯಾಂಡ್ ಆರ್ಮಿ ಆಫ್ ದಿ ರಿಪಬ್ಲಿಕ್ ಎಂಬ ಮಾಜಿ ಸಿಪಾಯಿಗಳ ಸಂಘದ್ದು, 1866ರಲ್ಲಿ ಹುಟ್ಟಿದ್ದು. ಊರೂರಲ್ಲಿ ಅದರ ಶಾಖೆಗಳಿದ್ದವು. ಅವುಗಳ ಪುಸ್ತಕ ಕೆಲವು ಸಲ ಕೌಂಟಿಯ ಇತಿಹಾಸ ಸಂಘದವರ ಬಳಿ ಸಿಗುತ್ತದೆ. ಗೋರಿ ಹುಡುಕುವಾಗ ಸರ್ಕಾರ ಕೊಟ್ಟ ಕಲ್ಲು ಬೇಗ ಗುರುತಿಗೆ ಬರುತ್ತದೆ: ಉತ್ತರದವರದರಲ್ಲಿ ಒಳಗೆ ಕೆತ್ತಿದ ಗುರಾಣಿಯಾಕಾರ, ಅದರೊಳಗೆ ಹೆಸರು, ಕಂಪನಿ, ದಳ; ದಕ್ಷಿಣದವರ ಕಲ್ಲಿನ ತುದಿ ಚೂಪು. ಕಲ್ಲಿಗೆ ಸೀಮೆಸುಣ್ಣ ಬಳಿಯಬೇಡಿ. ಬೆಳಿಗ್ಗೆಯ ಓರೆ ಬಿಸಿಲಿನಲ್ಲಿ ಹೋದರೆ ಅಕ್ಷರ ತಾನಾಗಿ ಕಾಣುತ್ತದೆ.

ನಾವು ಮುತ್ತಾತನ ಗೋರಿಗೆ ಹೋದದ್ದು ನಾನು ಊರಿಗೆ ಹೊರಡುವ ಹಿಂದಿನ ಭಾನುವಾರ. ಗುರಾಣಿ ಇತ್ತು, ಡಿ ಕಂಪನಿ ಇತ್ತು. ಮುತ್ತಜ್ಜಿಯ ಹೆಸರು ಆ ಕಲ್ಲಿನ ಮೇಲಿರಲಿಲ್ಲ. ಮೊಮ್ಮಗ ಸಾಲು ಸಾಲಾಗಿ ನೋಡುತ್ತಾ ಹೋಗಿ ಬೇಲಿಯ ಹತ್ತಿರದಿಂದ ಕೂಗಿದ. ಆಕೆಯನ್ನು ಮಣ್ಣು ಮಾಡಿದ್ದು ತವರಿನವರ ಸಾಲಿನಲ್ಲಿ, ಕಂಬಳಿ ಹಂಚಿಕೊಂಡಿದ್ದ ಆ ತಮ್ಮನ ಪಕ್ಕದಲ್ಲಿ. ತಮ್ಮನ ಕಲ್ಲಿನಲ್ಲೂ ಗುರಾಣಿ ಇದೆ. ಈಗ ಅವನ ಕಾರ್ಡು ಹುಡುಕುತ್ತಿದ್ದೇವೆ. ನಾನು ಇಲ್ಲಿ ಬೆಳಿಗ್ಗೆ ಕಾಫಿ ಕುಡಿಯುತ್ತಾ, ಅವನು ಅಲ್ಲಿ ರಾತ್ರಿ ಊಟ ಮುಗಿಸಿ, ಫೋನಿನಲ್ಲಿ. ತಮ್ಮನ ಹೆಂಡತಿಯ ಹೆಸರು ಇನ್ನೂ ಸಿಕ್ಕಿಲ್ಲ. ಸಿಗುವವರೆಗೆ ದುಡ್ಡು ಕಟ್ಟುವುದಿಲ್ಲ.